ದಲ್ಲಾಳಿ ಬಸವಯ್ಯ ಮಾರಿದ ಲೀಗು

ವಯನಾಡಿನ ಚೇಕಾಡಿಯ ಬಸವಯ್ಯ ನಲವತ್ತು ವರ್ಷಗಳಲ್ಲಿ ಎಷ್ಟು ದನ ಮಾರಿಸಿದ್ದಾನೆ ಎಂದು ಕೇಳಿದರೆ ಅವನಿಗೂ ಗೊತ್ತಿಲ್ಲ. ಎಷ್ಟು ಟವೆಲ್ಲು ಹರಿದಿದ್ದಾನೆ ಎಂದು ಕೇಳಿದರೆ ಮಾತ್ರ ತಟ್ಟನೆ ಹೇಳುತ್ತಾನೆ, ಹತ್ತೊಂಬತ್ತು. ಈಗ ಹೆಗಲ ಮೇಲಿರುವುದು ಇಪ್ಪತ್ತನೆಯದು, ಹಸಿರು ಚೌಕುಳಿಯದು, ಮಾನಂದವಾಡಿ ಬಸ್ ಸ್ಟ್ಯಾಂಡಿನ ಎದುರು ಕೊಂಡದ್ದು. ಅವನ ಅಜ್ಜ ಒಂದು ಜೋಡಿ ಎತ್ತು ಹೊಡೆದುಕೊಂಡು ಸರಗೂರಿನ ಕಡೆಯಿಂದ ಕಬಿನಿ ದಾಟಿ ಬಂದವನು. ಎತ್ತು ಮಾರಿ ವಾಪಸ್ಸು ಹೋಗುತ್ತೇನೆಂದು ಹೆಂಡತಿಗೆ ಹೇಳಿ ಬಂದಿದ್ದನಂತೆ. ಇಲ್ಲಿಯ ಗದ್ದೆ ನೋಡಿದ, ಹೆಂಡತಿಯನ್ನೇ ಇಲ್ಲಿಗೆ ಕರೆಸಿಕೊಂಡ. ಅಲ್ಲಿಂದ ಇಲ್ಲಿಯವರೆಗೆ ಮನೆಯೊಳಗೆ ಕನ್ನಡ, ಬೇಲಿ ದಾಟಿದರೆ ಮಲಯಾಳ, ದನದ ಮುಂದೆ ಎರಡೂ.

ಒಂದೂವರೆ ಎಕರೆ ಗದ್ದೆಯಿದ್ದರೂ ಬಸವಯ್ಯನನ್ನು ರೈತ ಎಂದು ಯಾರೂ ಕರೆಯುವುದಿಲ್ಲ. ಬಾವಲಿಯಿಂದ ಮೀನಂಗಡಿಯವರೆಗೆ ಯಾರ ಮನೆಯಲ್ಲಿ ಹಸು ಮಾರುವುದಿದ್ದರೂ ‘ದಲ್ಲಾಳಿ ಬಸವಯ್ಯನಿಗೆ ಹೇಳಿಕಳಿಸಿ’ ಎನ್ನುತ್ತಾರೆ. ಅವನದು ಹಳೇ ಕಾಲದ ವ್ಯಾಪಾರ. ಕೊಳ್ಳುವವನ ಕೈ ಹಿಡಿದು ಮೇಲೆ ಟವೆಲ್ಲು ಮುಚ್ಚಿದನೆಂದರೆ ಬೆಲೆಯ ಮಾತೆಲ್ಲ ಬೆರಳಿನಲ್ಲೇ. ಒಂದು ಬೆರಳು ಹಿಡಿದರೆ ಒಂದು, ಎರಡು ಹಿಡಿದರೆ ಎರಡು, ಗೆಣ್ಣು ಮುಟ್ಟಿದರೆ ಅರ್ಧ, ಮಣಿಕಟ್ಟು ಒತ್ತಿದರೆ ವ್ಯಾಪಾರ ಕುದುರಿತು. ಟವೆಲ್ಲಿನ ಮೇಲೆ ಮಾತ್ರ ಮಳೆ, ಮೆಣಸಿನ ಬೆಲೆ, ಆನೆಯ ಕಾಟ ಎಂದು ಲೋಕದ ಮಾತೆಲ್ಲ ನಡೆಯುತ್ತಿರುತ್ತದೆ. ಸುತ್ತ ನಿಂತವರಿಗೆ ಏನೂ ತಿಳಿಯುವುದಿಲ್ಲ, ಬೆಲೆ ಕೆಡಿಸುವ ಬಾಯಿಗಳಿಗೆ ಕೆಲಸವಿಲ್ಲ. ಕೈ ಬಿಟ್ಟ ಮೇಲೆ ಹೊಸ ಮಾತು ಎತ್ತುವ ಹಾಗಿಲ್ಲ. ಎತ್ತಿದವನ ಕೈಯನ್ನು ಮತ್ತೆ ಯಾರೂ ಹಿಡಿಯುವುದಿಲ್ಲ.

ಇನ್ನೊಂದು ಗುರುತೂ ಇದೆ. ಎದುರಿನವನ ಐದೂ ಬೆರಳು ಮಡಿಸಿ ಮುಷ್ಟಿ ಕಟ್ಟಿಸಿ, ಅದರ ಮೇಲೆ ತನ್ನ ಕೈ ಮುಚ್ಚಿ ಹಿಡಿಯುವುದು. ‘ನೀನು ಹೇಳಿದ್ದಕ್ಕೆ ಎದುರು ಮಾತಿಲ್ಲ, ಪೂರ್ತಿ ಒಪ್ಪಿದೆ’ ಎಂದು ಅದರರ್ಥ. ಅದಕ್ಕೆ ಪೂರ್ತಿ ಕೈ ಎನ್ನುತ್ತಾರೆ. ಬಸವಯ್ಯ ಅದನ್ನು ಅಪ್ಪನಿಂದ ಕಲಿತದ್ದೇನೋ ನಿಜ, ಆದರೆ ಈ ನಲವತ್ತು ವರ್ಷಗಳಲ್ಲಿ ಒಬ್ಬನೇ ಒಬ್ಬನೂ ಅವನಿಗೆ ಪೂರ್ತಿ ಕೈ ಕೊಟ್ಟಿಲ್ಲ. ಚೌಕಾಸಿ ಮಾಡದೆ ಹಸು ಕೊಳ್ಳುವಂಥವನು ಈ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ.

ಇಂಥ ಮನುಷ್ಯನಿಗೂ ಟೀವಿ ಕಂಪನಿಗೂ ಎಲ್ಲಿಂದೆಲ್ಲಿಗೆ ನಂಟು ಎನ್ನುತ್ತೀರೋ? ಅದಕ್ಕೆ ಕಾರಣ ಮೀನಂಗಡಿಯ ರಾಘವನ್ ಮಾಷು ಮತ್ತು ಅವರ ಹಸು.

ರಾಘವನ್ ಮಾಷು ಶಾಲೆಯಲ್ಲಿ ಡ್ರಿಲ್ ಮಾಸ್ತರರಾಗಿ ನಿವೃತ್ತರಾದವರು. ಬೇರೆಯವರು ನಿವೃತ್ತರಾದರೆ ತೀರ್ಥಯಾತ್ರೆಗೆ ಹೋಗುತ್ತಾರೆ, ಇವರು ಹೆಣ್ಣುಮಕ್ಕಳ ಸೆವೆನ್ಸ್ ಫುಟ್‌ಬಾಲಿಗೊಂದು ರಾಷ್ಟ್ರೀಯ ಲೀಗು ಕಟ್ಟಿದರು. ಒಂದೊಂದು ಕಡೆ ಏಳೇಳು ಜನ ಆಡುವ ಆಟ ಅದು. ಮಣಿಪುರದ್ದೊಂದು ತಂಡ, ಗೋವಾದ್ದೊಂದು, ಜಾರ್ಖಂಡಿನದೊಂದು, ಊಟಿಯದೊಂದು, ಕೇರಳದವೇ ನಾಲ್ಕು. ಎಂಟು ತಂಡಕ್ಕೆಲ್ಲ ರಾಷ್ಟ್ರೀಯ ಅಂತ ಹೆಸರೇ ಎಂದು ನಕ್ಕವರಿಗೆ ಮಾಷು, “ಮಣಿಪುರದಿಂದ ಇಲ್ಲಿಗೆ ಒಮ್ಮೆ ರೈಲಿನಲ್ಲಿ ಕೂತು ಬನ್ನಿ, ರಾಷ್ಟ್ರ ಎಷ್ಟು ದೊಡ್ಡದು ಅಂತ ಸೊಂಟಕ್ಕೆ ಗೊತ್ತಾಗ್ತದೆ” ಎನ್ನುತ್ತಿದ್ದರು.

ಮಾಷರ ಮನಸ್ಸು ಬೆಣ್ಣೆ, ವ್ಯವಹಾರ ಸೊನ್ನೆ. ಹೋದ ವರ್ಷ ಕೊಚ್ಚಿಯ ಒಂದು ಕಂಪನಿಯವರು ಲೀಗಿನ ಪ್ರಸಾರದ ಹಕ್ಕು ಕೇಳಿಕೊಂಡು ಬಂದಾಗ ಅವರಿಗೆ ಬಿರಿಯಾನಿ ಬಡಿಸಿ, “ನಮಗೆ ದುಡ್ಡು ಮುಖ್ಯವಲ್ಲ” ಎಂದುಬಿಟ್ಟರು. ಕಂಪನಿಯವರು ಅವರ ಮಾತನ್ನು ಬಹಳ ಗೌರವದಿಂದ ಪಾಲಿಸಿದರು. ಲೀಗು ಮುಗಿದಾಗ ಜಾರ್ಖಂಡಿನ ಹುಡುಗಿಯರಿಗೆ ವಾಪಸ್ಸು ಟಿಕೆಟ್ಟಿಗೆ ಕಾಸಿರಲಿಲ್ಲ. ಮಾಷು ತಮ್ಮ ಮನೆಯ ಹಸು ಮಾರಲು ನಿಂತರು, ಬಸವಯ್ಯನಿಗೆ ಬುಲಾವ್ ಹೋಯಿತು.

ಅವತ್ತು ಬಸವಯ್ಯ ಟವೆಲ್ಲಿನ ಕೆಳಗೆ ಕುದುರಿಸಿದ ಬೆಲೆ ಕೇಳಿ ಮಾಷು ಕಣ್ಣರಳಿಸಿದರು. ಆ ಖುಷಿಯಲ್ಲಿ ಹಸುವಿನ ಜೊತೆಗೆ ಹಗ್ಗವನ್ನೂ ಕೊಳ್ಳುವವನ ಕೈಗೆ ಕೊಡಲು ಹೋದಾಗ ಬಸವಯ್ಯ ಅವರ ಕೈಮೇಲೆ ಒಂದು ಬಿಟ್ಟ.

“ಮಾಷೇ, ಏನ್ ಮಾಡ್ತಾ ಇದೀರಿ? ಹಗ್ಗ ಯಾವತ್ತೂ ಕೊಡ್ಬಾರ್ದು. ಹಸು ಹೋಗ್ಲಿ, ಹಗ್ಗ ಮನೇಲಿರ್ಲಿ. ಹಗ್ಗ ಇದ್ರೆ ಕೊಟ್ಗೆಗೆ ಇನ್ನೊಂದು ಬರ್ತದೆ. ತಗೊಳ್ಳೋನು ತನ್ ಹಗ್ಗ ತಾನು ತರ್ಬೇಕು. ಇದನ್ನ ಯಾರೂ ಬಾಯ್ಬಿಟ್ಟು ಹೇಳೋದಿಲ್ಲ, ಎಲ್ರಿಗೂ ಗೊತ್ತಿರೋ ಸಂಗ್ತಿ.”

ಕೊಂಡವನು ತಲೆಯಾಡಿಸಿ ತನ್ನ ಚೀಲದಿಂದ ಹೊಸ ಹಗ್ಗ ತೆಗೆದ. ಮಾಷು ಹಳೆಯದನ್ನು ಕೊಟ್ಟಿಗೆಯ ಮೊಳೆಗೆ ತೂಗುಹಾಕಿದರು. ಜಾರ್ಖಂಡಿನ ಹುಡುಗಿಯರು ಊರು ಸೇರಿದರು.

ಹೀಗಾಗಿ ಈ ವರ್ಷ ಕಂಪನಿಯವರು ಮತ್ತೆ ಬರುತ್ತೇವೆಂದು ಕಾಗದ ಬರೆದಾಗ ಮಾಷು ಕಾಗದದ ಜೊತೆಗೆ ನೇರ ಚೇಕಾಡಿಗೆ ಬಂದರು.

“ಬಸವಯ್ಯಾ, ಈ ಸಲ ನೀನು ಬಂದು ಕೂತುಕೋ. ನನ್ನ ಬಾಯಿ ನಂಬುವ ಹಾಗಿಲ್ಲ.”

“ನಾನು ದನದ ದಲ್ಲಾಳಿ ಮಾಷೇ. ಫುಟ್‌ಬಾಲಿಗೆ ಹಲ್ಲಿಲ್ಲ, ಕೆಚ್ಚಲಿಲ್ಲ, ಏನಂತ ನೋಡ್ಲಿ?”

ಅದಕ್ಕೆ ಅಂಜನ ಇದ್ದಳು. ಅಂಜನ ಬಸವಯ್ಯನ ಅಕ್ಕ ಸಣ್ಣಮ್ಮನ ಮೊಮ್ಮಗಳು. ಅಮ್ಮ ಹೇಮಾ ಮೀನಂಗಡಿಯ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದು ವಾರಕ್ಕೊಮ್ಮೆ ಬರುತ್ತಿದ್ದುದರಿಂದ ಹುಡುಗಿ ಬೆಳೆದದ್ದೆಲ್ಲ ಅಜ್ಜಿಯ ಸೆರಗಿನಲ್ಲಿ, ಬಸವಯ್ಯನ ಮನೆಯಲ್ಲಿ. ಈಗ ಹತ್ತೊಂಬತ್ತು. ವಯನಾಡಿನ ತಂಡದಲ್ಲಿ ಎಡಗಡೆಯಿಂದ ಆಡುತ್ತಾಳೆ. ಕೊಯ್ಲಾದ ಗದ್ದೆಯ ಕೂಳೆಯ ಮೇಲೆ ಬರಿಗಾಲಲ್ಲಿ ಆಡಿ ಕಲಿತವಳು. ಅವಳ ಕಾಲಿಗೆ ಚೆಂಡು ಸಿಕ್ಕರೆ ಕಸಿಯಲು ಬಂದವರಿಗೆ ಕಾಲು ನೋವೇ ಲಾಭ.

“ತಾತ, ಕಳಿ ಅವ್ರು ತಗೊಂಡೋಗಲ್ಲ. ಕಳಿ ತೋರ್ಸೋ ಹಕ್ಕು ಮಾತ್ರ ತಗೊಳ್ತಾರೆ. ಒಂದ್ ವರ್ಷಕ್ಕೆ,” ಎಂದು ಅವಳು ಬಿಡಿಸಿ ಹೇಳಿದಳು. ಆ ಮನೆಯಲ್ಲಿ ಆಟಕ್ಕೆ ಮಲಯಾಳದ ‘ಕಳಿ’ ಎಂಬ ಮಾತೇ ರೂಢಿ.

ಬಸವಯ್ಯ ಸ್ವಲ್ಪ ಹೊತ್ತು ಎಲೆಅಡಿಕೆ ಅಗಿದು ಯೋಚಿಸಿದ. “ಅಂದ್ರೆ ಹಸು ನಮ್ದೇ. ಒಂದ್ ವರ್ಷ ಹಾಲ್ ಕರ್ಕೊಳ್ಳೋದು ಅವ್ರು.”

“ಶರಿಯಾಗಿ ಹೇಳ್ದೆ ತಾತ!”

“ಹಂಗಾದ್ರೆ ನಂಗೊತ್ತು,” ಎಂದ ಬಸವಯ್ಯ. ಮಾಷರ ಜೀವ ಸ್ತಿಮಿತಕ್ಕೆ ಬಂತು. ಮಾರನೇ ದಿನವೇ ಅವನು ಅಭ್ಯಾಸದ ಮೈದಾನಕ್ಕೆ ಹೋಗಿ, ಎರಡು ಗಂಟೆ ಬಿಸಿಲಲ್ಲಿ ಕೂತು, ಸರಕು ನೋಡಿ ಬಂದ. ಯಾರು ಹೆಚ್ಚು ಓಡುತ್ತಾರೆ, ಯಾರು ಬಿದ್ದರೂ ನಗುತ್ತಾರೆ, ಬೇಲಿಯಾಚೆ ಎಷ್ಟು ಜನ ನಿಂತು ನೋಡುತ್ತಾರೆ ಎಂಬುದನ್ನೆಲ್ಲ ಮನಸ್ಸಿನಲ್ಲಿಟ್ಟುಕೊಂಡ. ತೋರಿಸುವುದಕ್ಕೆ ಇಷ್ಟು ಒಳ್ಳೆಯ ಸರಕನ್ನು ಹೋದ ವರ್ಷ ಬಿಟ್ಟಿ ಕೊಟ್ಟರಲ್ಲ ಎಂದು ಅವನಿಗೆ ಮಾಷರ ಮೇಲೆ ನಿಜವಾಗಿಯೂ ಸಿಟ್ಟು ಬಂತು.

ಈ ಎಲ್ಲವನ್ನೂ ಜಗಲಿಯ ಮೂಲೆಯಿಂದ ಗಮನಿಸುತ್ತಿದ್ದವಳು ಸಣ್ಣಮ್ಮ. ಎಪ್ಪತ್ತೆಂಟು ವರ್ಷ. ಮಂಡಿ ಎರಡೂ ಹೋಗಿವೆ, ಬಾಯಿ ಮಾತ್ರ ಗಟ್ಟಿ. ಬಸ್ಸು ಹತ್ತಿದರೆ ಪುಲ್ಪಳ್ಳಿ ಮುಟ್ಟುವ ಮೊದಲೇ ವಾಂತಿ, ಇನ್ನು ಕಲ್ಪೆಟ್ಟದ ಮೈದಾನದ ಮಾತೆಲ್ಲಿ ಬಂತು. ಮೊಮ್ಮಗಳ ಆಟ ನೋಡಬೇಕೆಂದರೆ ಟೀವಿಯೇ ಗತಿ. ಆದರೆ ಕಂಪನಿಯವರು ಆಟ ತೋರಿಸುವುದು ಫೋನಿನಲ್ಲಿ ಮಾತ್ರ, ಚೇಕಾಡಿಯಲ್ಲಿ ಫೋನಿಗೆ ಸಿಗ್ನಲ್ ಸಿಗುವುದು ಗದ್ದೆಯ ಬದುವಿನ ಒಂದೇ ಒಂದು ಜಾಗದಲ್ಲಿ, ಅದೂ ಗಾಳಿ ಈ ಕಡೆ ಬೀಸಿದರೆ.

ಹೋದ ವರ್ಷ ಊರಿನ ಕೇಬಲ್ ನಡೆಸುವ ಗೋಪಾಲನ್ ಅದಕ್ಕೊಂದು ದಾರಿ ಹುಡುಕಿದ್ದ. ಪುಲ್ಪಳ್ಳಿಯ ತನ್ನ ಕೋಣೆಯಲ್ಲಿ ಕಂಪನಿಯ ಪ್ರಸಾರ ಹಿಡಿದು, ತನ್ನ ತಂತಿಯಲ್ಲಿ ಚೇಕಾಡಿಯ ಮನೆಮನೆಗೆ ಬಿಟ್ಟ. ಯಾರನ್ನೂ ಕೇಳಲಿಲ್ಲ, ಕೇಳಬೇಕೆಂದು ಅವನಿಗೆ ಹೊಳೆಯಲೂ ಇಲ್ಲ. ಸಣ್ಣಮ್ಮ ಮುಖ ತೊಳೆದು, ಕುಂಕುಮದ ಬದಲು ವಿಭೂತಿ ಇಟ್ಟು, ಟೀವಿಯ ಮುಂದೆ ಕೂತಳು. ಅಂಜನ ಕಂಡಳು. ಎಡಗಡೆಯಿಂದ ಓಡಿದಳು. ಇಬ್ಬರನ್ನು ದಾಟಿದಳು. ಚೆಂಡು ಕಾಲಲ್ಲಿ, ಎದುರಿಗೆ ಗೋಲಿನವಳೊಬ್ಬಳೇ. ಅಷ್ಟರಲ್ಲಿ ಟೀವಿ ನೀಲಿಯಾಯಿತು. ಹಕ್ಕೆಲ್ಲ ನಮ್ಮದು, ನಿಲ್ಲಿಸು ಎಂದು ಕಂಪನಿಯಿಂದ ಗೋಪಾಲನ್‌ಗೆ ಫೋನು ಬಂದಿತ್ತಂತೆ. ಅವನು ಹೆದರಿ ತಂತಿ ಕಿತ್ತಿದ್ದ.

ಅದು ಗೋಲಾಯಿತು. ಊರೆಲ್ಲ ಹೇಳಿತು. ಅಂಜನಳೇ ಮನೆಗೆ ಬಂದು ಲೋಟ, ಚೊಂಬು ಇಟ್ಟು, ನಿಂಬೆಹಣ್ಣು ಉರುಳಿಸಿ ತೋರಿಸಿದಳು. ಸಣ್ಣಮ್ಮನ ಹೊಟ್ಟೆ ತುಂಬಲಿಲ್ಲ. “ಚೊಂಬಿನ ಸಂದೀಲಿ ನಿಂಬೆಹಣ್ ಹೋಗಿದ್ದನ್ನ ನೋಡೋಕೆ ನಾನ್ ನಿನ್ನ ಸಾಕ್ದೆನಾ?” ಎಂದು ಮುಖ ಊದಿಸಿಕೊಂಡು ಎದ್ದುಹೋದವಳು ವರ್ಷವಿಡೀ ಆ ನೀಲಿಯನ್ನು ಮರೆಯಲಿಲ್ಲ. ಈಗ ತಮ್ಮನೇ ಕಂಪನಿಯವರ ಜೊತೆ ಮಾತಿಗೆ ಹೋಗುತ್ತಾನೆಂದು ಗೊತ್ತಾದ ಕೂಡಲೇ ಕೋಲೂರಿಕೊಂಡು ಬಂದು ಎದುರು ನಿಂತಳು.

“ಬಸ್ವಾ, ನೀನೇನಾರ ಮಾರ್ಕೋ. ನಮ್ ಚೇಕಾಡಿ ಕೇಬಲ್ಲಿಗೆ ಕಳಿ ಬರ್ಬೇಕು. ಈ ಸಲ ನೀಲಿ ಆಯ್ತು ಅಂದ್ರೆ ನೀನು ಈ ಮನೇಲಿ ಊಟಕ್ಕೆ ಕೂತ್ಕೋಬೇಡ.”

ಬಸವಯ್ಯನಿಗೆ ಇಕ್ಕಟ್ಟಿಗಿಟ್ಟುಕೊಂಡಿತು. ದಲ್ಲಾಳಿಯಾದವನು ತಾನು ಕುದುರಿಸುವ ವ್ಯಾಪಾರದಲ್ಲಿ ತನ್ನ ಮನೆಯ ಕರು ತೂರಿಸಬಾರದು. ನಲವತ್ತು ವರ್ಷ ಅದನ್ನು ಪಾಲಿಸಿಕೊಂಡು ಬಂದವನು ಅವನು. ಸ್ವಂತ ಎಮ್ಮೆ ಮಾರುವಾಗಲೂ ಬೇರೆ ದಲ್ಲಾಳಿಯನ್ನು ಕರೆಸಿದ್ದ. ಆದರೆ ಅಕ್ಕನ ಮುಖ ನೋಡಿ ಇಲ್ಲ ಎನ್ನುವ ಧೈರ್ಯ ಅವನಿಗೆ ಯಾವತ್ತು ಇತ್ತು? “ಆಯ್ತಕ್ಕಯ್ಯ, ಬೆಲೆ ಮಾತಿಗ್ ಮುಂಚೇನೆ ಅದನ್ನ ಹೇಳ್ಬಿಡ್ತೀನಿ. ಆಣೆ,” ಎಂದ.

ಶನಿವಾರ ಬೆಳಿಗ್ಗೆ ಹತ್ತಕ್ಕೆ ಮೀನಂಗಡಿಯಲ್ಲಿ ಮಾಷರ ಮನೆಯ ಹಜಾರದಲ್ಲಿ ಸಭೆ ಕೂಡಿತು. ಈ ಕಡೆ ಮಾಷು, ಬಸವಯ್ಯ, ಲೀಗಿನ ಖಜಾಂಚಿ ಕಾರ್ತ್ಯಾಯನಿ ಟೀಚರ್. ಆ ಕಡೆ ಕಂಪನಿಯಿಂದ ಹೊಸದಾಗಿ ಬಂದ ಸುಧೀಷ್, ಮೂವತ್ತೈದರ ಆಸುಪಾಸು, ಇಸ್ತ್ರಿ ಮಾಡಿದ ಶರ್ಟು, ತೊಡೆಯ ಮೇಲೆ ಲ್ಯಾಪ್‌ಟಾಪು. ಮಾತೆಲ್ಲ ಮಲಯಾಳದಲ್ಲಿ ನಡೆಯಿತು. ಚಾಯ ಬಂತು, ಬಾಳೆಕಾಯಿ ಚಿಪ್ಸು ಬಂತು. ಬಿರಿಯಾನಿ ಮಾಡಿಸಬಾರದೆಂದು ಬಸವಯ್ಯ ಮೊದಲೇ ತಾಕೀತು ಮಾಡಿದ್ದ.

“ನಿಮ್ಮ ನಿರೀಕ್ಷೆ ಏನು ಅಂತ ಹೇಳಿದರೆ ಶುರುಮಾಡಬಹುದು,” ಎಂದ ಸುಧೀಷ್.

ಮಾಷು ಬಾಯಿ ತೆರೆದರು. ಬಸವಯ್ಯ ಮೇಜಿನ ಕೆಳಗೆ ಅವರ ಕಾಲು ತುಳಿದ. ಮಾಷರ ಬಾಯಿ ಮುಚ್ಚಿತು, ಆದರೆ ಆ ಬದಿಯಿಂದ ಕಾರ್ತ್ಯಾಯನಿ ಟೀಚರ್ ಮೆಲ್ಲಗೆ, “ಹೋದ ವರ್ಷಕ್ಕಿಂತ ಸ್ವಲ್ಪ ಜಾಸ್ತಿ ಕೊಟ್ಟರೂ ನಮಗೆ ಸಂತೋಷ,” ಎಂದರು. ಹೋದ ವರ್ಷ ಸಿಕ್ಕಿದ್ದು ಸೊನ್ನೆ. ಸೊನ್ನೆಗಿಂತ ಸ್ವಲ್ಪ ಜಾಸ್ತಿ! ಬಸವಯ್ಯ ಕಣ್ಣು ಮುಚ್ಚಿಕೊಂಡ. ಇವರಿಬ್ಬರನ್ನು ಎರಡೂ ಪಕ್ಕದಲ್ಲಿ ಕೂರಿಸಿಕೊಂಡು ಬಾಯಿಮಾತಿನ ವ್ಯಾಪಾರಕ್ಕಿಳಿದರೆ ಮಧ್ಯಾಹ್ನದೊಳಗೆ ಮಾಷರ ಮನೆಯನ್ನೂ ಬರೆದುಕೊಡಬೇಕಾದೀತು ಎಂದು ಅವನಿಗೆ ಖಾತ್ರಿಯಾಯಿತು.

ಬೇರೆ ದಾರಿ ಕಾಣದೆ ಅವನು ಹೆಗಲ ಟವೆಲ್ಲು ತೆಗೆದು, ಬಲಗೈ ಮುಂದೆ ಚಾಚಿ, ಅದರ ಮೇಲೆ ಹೊದಿಸಿದ. ಇದೇನು ಹುಚ್ಚು ಎಂದು ಆ ಹುಡುಗ ನಗುತ್ತಾನೆ ಎಂದುಕೊಂಡಿದ್ದ.

ಸುಧೀಷ್ ನಗಲಿಲ್ಲ. ಟವೆಲ್ಲನ್ನೇ ಒಂದು ಗಳಿಗೆ ನೋಡಿದ. ಆಮೇಲೆ ಲ್ಯಾಪ್‌ಟಾಪು ಮುಚ್ಚಿ ಪಕ್ಕಕ್ಕಿಟ್ಟು, ಶರ್ಟಿನ ತೋಳು ಮಡಚಿ, ಕೈಯನ್ನು ಒಳಗೆ ತೂರಿಸಿದ.

“ಚೇಟ್ಟಾ, ನನ್ನದು ವಾಣಿಯಂಕುಳಂ. ನಮ್ಮಪ್ಪ ಅಲ್ಲಿಯ ದನದ ಸಂತೆಯಲ್ಲಿ ಮೂವತ್ತು ವರ್ಷ ದಲ್ಲಾಳಿ,” ಎಂದ.

ಬಸವಯ್ಯನಿಗೆ ಬೆರಳು ಬಲ್ಲ ಕೈ ಸಿಕ್ಕಿ ಎಷ್ಟು ವರ್ಷವಾಗಿತ್ತು! ಈಗಿನವರೆಲ್ಲ ಫೋನಿನಲ್ಲಿ ಫೋಟೋ ನೋಡಿ ಹಸು ಕೊಳ್ಳುವವರು. ಈ ಹುಡುಗನ ಕೈ ಮೆತ್ತಗಿದ್ದರೂ ಹಿಡಿತದಲ್ಲಿ ಅಪ್ಪನ ಪಾಠವಿತ್ತು. ಟವೆಲ್ಲಿನ ಕೆಳಗೆ ಶುರುವಾಯಿತು. ಬಸವಯ್ಯ ನಾಲ್ಕು ಬೆರಳು ಹಿಡಿದ, ಸುಧೀಷ್ ಒಂದನ್ನು ಹಿಡಿದು ಜಗ್ಗಿದ.

“ನಿಮ್ಮ ಕಡೆ ಈ ವರ್ಷ ಮೆಣಸು ಹೇಗೆ ಚೇಟ್ಟಾ?” ಎಂದು ಟವೆಲ್ಲಿನ ಮೇಲೆ ಕೇಳಿದ.

“ಬಳ್ಳಿಗೆ ರೋಗ. ನಿಮ್ಮಲ್ಲಿ ಮಳೆ?” ಎನ್ನುತ್ತ ಬಸವಯ್ಯ ಕೆಳಗೆ ಗೆಣ್ಣೊತ್ತಿದ.

“ಮಳೆ ಪರವಾಗಿಲ್ಲ, ಸೆಕೆ ಜಾಸ್ತಿ.” ಕೆಳಗೆ ಎರಡನೆಯ ಬೆರಳು.

ಮಾಷೂ ಟೀಚರೂ ಅತ್ತಿಂದಿತ್ತ ಮುಖ ನೋಡುತ್ತ, ವ್ಯಾಪಾರ ಯಾವಾಗ ಶುರುವಾಗುತ್ತದೆಂದು ಕಾಯುತ್ತಿದ್ದರು. ಮೆಣಸು ಮುಗಿದು ಶುಂಠಿ ಬಂತು, ಶುಂಠಿ ಮುಗಿದು ಆನೆ ಬಂತು. ಇಬ್ಬರ ಹಣೆಯಲ್ಲೂ ಬೆವರು. ಆನೆ ಇನ್ನೇನು ಬೇಲಿ ಮುರಿದು ತೋಟಕ್ಕೆ ನುಗ್ಗಬೇಕು, ಅಷ್ಟರಲ್ಲಿ ಸುಧೀಷ್ ಮಣಿಕಟ್ಟು ಒತ್ತಿದ. ಬಸವಯ್ಯ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡ.

ಎಷ್ಟಕ್ಕೆ ಎಂದು ನೀವು ಕೇಳಬಾರದು, ನಾನೂ ಹೇಳಬಾರದು. ಅದು ಟವೆಲ್ಲಿನ ಕೆಳಗಿನ ಮಾತು. ಬಸವಯ್ಯ ಕಿವಿಯಲ್ಲಿ ಹೇಳಿದಾಗ ಕಾರ್ತ್ಯಾಯನಿ ಟೀಚರ್ ನಿಂತಿದ್ದವರು ಕೂತರು, ಮಾಷು ಕೂತಿದ್ದವರು ನಿಂತರು. ಎಂಟೂ ತಂಡದ ಹುಡುಗಿಯರು ಹೊಸ ಬೂಟು ಹಾಕಿಕೊಂಡು ಹೋಗಿ ಬರುವ ಟಿಕೆಟ್ಟು ತೆಗೆಸಬಹುದಾದಷ್ಟು ಎಂದರೆ ಸಾಕು.

ಸುಧೀಷ್ ಒಪ್ಪಂದದ ಹಾಳೆಗಳನ್ನು ತೆಗೆದು, ಬಿಟ್ಟಿದ್ದ ಜಾಗದಲ್ಲಿ ಅಂಕಿ ತುಂಬಿಸಿ, ಎಲ್ಲರಿಗೂ ಕೇಳುವಂತೆ ಓದತೊಡಗಿದ. “ಪ್ರಸಾರದ ಎಲ್ಲ ಹಕ್ಕುಗಳು, ಅಂದರೆ ಟೀವಿ, ಫೋನು, ಕೇಬಲ್, ಮುಂದೆ ಬರಬಹುದಾದ ಇನ್ಯಾವುದೇ ಸಾಧನ, ಎಲ್ಲವೂ ಕಂಪನಿಗೆ ಮಾತ್ರ…”

ಕೇಬಲ್ ಎಂಬ ಮಾತು ಕಿವಿಗೆ ಬಿದ್ದದ್ದೇ ಬಸವಯ್ಯನಿಗೆ ಅಕ್ಕ ನೆನಪಾದಳು. ಮರೆತೇಬಿಟ್ಟಿದ್ದ! ಬೆಲೆಗೆ ಮುಂಚೆ ಹೇಳುತ್ತೇನೆಂದು ಅಕ್ಕನಿಗೆ ಆಣೆ ಮಾಡಿ ಬಂದವನು, ಒಂದು ಒಳ್ಳೆಯ ಕೈ ಸಿಕ್ಕಿತೆಂಬ ಹುಮ್ಮಸ್ಸಿನಲ್ಲಿ ಅಕ್ಕನನ್ನೂ ಮರೆತಿದ್ದ, ಚೇಕಾಡಿಯನ್ನೂ ಮರೆತಿದ್ದ. ಈಗ ಮಣಿಕಟ್ಟು ಒತ್ತಿಯಾಗಿದೆ, ಕೈ ಬಿಟ್ಟಾಗಿದೆ. ಇನ್ನು ಹೊಸ ಮಾತು ಎತ್ತುವುದೆಂದರೆ ನಲವತ್ತು ವರ್ಷದ ಮರ್ಯಾದೆಯನ್ನು ಗಾಳಿಗೆ ತೂರಿದಂತೆ. ಅದೂ ತನ್ನ ಮನೆಯ ಕರುವಿಗಾಗಿ. “ಎಲೆ ಉಗಿದು ಬರ್ತೀನಿ,” ಎಂದು ಎದ್ದು ಹಿತ್ತಲಿಗೆ ನಡೆದ.

ಹಿತ್ತಲಲ್ಲಿ ಮಾಷರ ಕೊಟ್ಟಿಗೆ ಖಾಲಿ ಹೊಡೆಯುತ್ತಿತ್ತು. ಬಸವಯ್ಯ ಎಲೆ ಉಗಿದು ಗೋಡೆಗೆ ಕೈಯೂರಿ ನಿಂತ. ಮನೆಗೆ ಹೋಗಿ ಏನು ಹೇಳುವುದು? ಊಟಕ್ಕೆ ಕೂರಬೇಡ ಎಂದಿದ್ದಾಳೆ, ಅದು ಹೋಗಲಿ, ಹೊಟ್ಟೆಯ ಮಾತು. ಆದರೆ ಅವಳು ಮತ್ತೆ ಮುಖ ತೊಳೆದು, ವಿಭೂತಿ ಇಟ್ಟು, ನೀಲಿ ಟೀವಿಯ ಮುಂದೆ ಕೂರುವುದನ್ನು ನೆನೆದರೆ ಅವನ ಕಣ್ಣು ಹನಿಗೂಡಿತು. ಇದ್ದ ಒಬ್ಬ ತಮ್ಮನನ್ನು ಸೊಂಟದಲ್ಲಿ ಹೊತ್ತು ಬೆಳೆಸಿದವಳು, ಬದುಕಿನಲ್ಲಿ ಅವನಿಂದ ಕೇಳಿದ್ದು ಇದೊಂದನ್ನೇ.

ಕಣ್ಣೊರೆಸಿಕೊಂಡು ತಲೆಯೆತ್ತಿದಾಗ ಮೊಳೆಯಲ್ಲಿ ತೂಗುತ್ತಿದ್ದ ಹಗ್ಗ ಕಂಡಿತು. ಹೋದ ವರ್ಷ ತಾನೇ ಮಾಷರ ಕೈಗೆ ಹೊಡೆದು ಉಳಿಸಿದ ಹಗ್ಗ. ಬಸವಯ್ಯ ಅದನ್ನೇ ನೋಡಿದ. ಹೊಸ ಮಾತು ಎತ್ತುವ ಹಾಗಿಲ್ಲ, ನಿಜ. ಆದರೆ ಹಗ್ಗದ್ದು ಹೊಸ ಮಾತೇ ಅಲ್ಲವಲ್ಲ! ಅದನ್ನು ಯಾರೂ ಬಾಯ್ಬಿಟ್ಟು ಹೇಳುವುದಿಲ್ಲ, ಕೈ ಹಿಡಿಯುವ ಮೊದಲೇ ಎಲ್ಲ ವ್ಯಾಪಾರದಲ್ಲೂ ಇದ್ದೇ ಇರುತ್ತದೆ. ಅವನು ಮೊಳೆಯಿಂದ ಹಗ್ಗ ಬಿಡಿಸಿಕೊಂಡು ಒಳಗೆ ಬಂದ.

ಮಾಷು ಸಹಿ ಹಾಕಲು ಪೆನ್ನು ತೆರೆದಿದ್ದರು. ಬಸವಯ್ಯ ಹಗ್ಗವನ್ನು ಒಪ್ಪಂದದ ಮೇಲಿಟ್ಟ. ಸಗಣಿಯ ಹಳೇ ವಾಸನೆ ಹಜಾರವನ್ನೆಲ್ಲ ತುಂಬಿತು.

“ಮೋನೇ, ಹಸು ನಿಂದು. ಹಗ್ಗ ನಮ್ದು. ಹೌದೋ ಅಲ್ವೋ?”

“ಹೌದು. ಕಯರು ಮನೆಯವರಿಗೆ,” ಎಂದ ಸುಧೀಷ್, ಹಗ್ಗಕ್ಕೆ ತನ್ನೂರಿನ ಮಾತನ್ನೇ ಬಳಸಿ, ಯೋಚನೆಯನ್ನೇ ಮಾಡದೆ.

“ಚೇಕಾಡಿಯ ಮರಗಳ ಮೇಲೆ ಗೋಪಾಲನ್ ಎಳೆದಿರೋ ಕೇಬಲ್ ತಂತಿ ಇದೆಯಲ್ಲ, ಅದು ನಮ್ ಹಗ್ಗ. ಅದೊಂದನ್ನ ನಮ್ಮನೇಲಿ ಬಿಟ್ಟು ಮಿಕ್ಕಿದ್ದೆಲ್ಲ ತಗೊಂಡ್ಹೋಗು.” ಅಷ್ಟು ಹೇಳಿ ಅವನು ನಿಲ್ಲಿಸಲಿಲ್ಲ. ನಿಲ್ಲಿಸಿದ್ದರೆ ಅರ್ಧ ಸುಳ್ಳಾಗುತ್ತಿತ್ತು. “ಒಳಗಿನ ವಿಷ್ಯ ಹೇಳ್ಬಿಡ್ತೀನಿ. ಇದ್ರಲ್ಲಿ ನನ್ ಮನೇ ಕರುವಿದೆ. ನನ್ ಅಕ್ಕ ಮೊಮ್ಮಗಳ ಕಳಿ ನೋಡ್ಬೇಕು ಅಂತಾಳೆ. ಮೊದ್ಲೇ ಹೇಳ್ಬೇಕಿತ್ತು, ನಿನ್ ಕೈ ಹಿಡಿದ್ ಖುಷೀಲಿ ಮರ್ತೆ. ತಪ್ಪು ನಂದು. ಅದಕ್ಕೆ ಈ ವ್ಯಾಪಾರದಲ್ಲಿ ನಂಗೆ ದಲ್ಲಾಳಿ ದುಡ್ಡು ಬೇಡ, ಮಾಷೇ.”

ಸುಧೀಷ್ ಹಗ್ಗವನ್ನು ಒಮ್ಮೆ, ಬಸವಯ್ಯನನ್ನು ಒಮ್ಮೆ ನೋಡಿದ. “ನಾನು ಒಪ್ಪಿದರೆ ಸಾಲದು ಚೇಟ್ಟಾ, ಮೇಡಂ ಒಪ್ಪಬೇಕು,” ಎಂದು ಕೊಚ್ಚಿಗೆ ಫೋನು ಹಚ್ಚಿ, ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟ. ಕಂಪನಿಯಲ್ಲಿ ಅವನ ಮೇಲಿನವಳು ವೀಣಾ. ದನಿಯಲ್ಲೇ ಅವಸರವಿತ್ತು. ಎಲ್ಲ ಕೇಳಿ, “ಒಬ್ಬರಿಗೆ ಬಿಟ್ಟರೆ ನಾಳೆ ಎಲ್ಲ ಕೇಬಲಿನವರೂ ಬರುತ್ತಾರೆ. ಆಗುವುದಿಲ್ಲ. ಅದೇನು ಹಗ್ಗ ಹಗ್ಗ ಎನ್ನುತ್ತಿದ್ದೀಯಾ ಸುಧೀಷ್?” ಎಂದಳು.

“ಮೇಡಂ, ಮಾರಿದವರ ಮನೆಯಿಂದ ಕಯರು ಎತ್ತಿಕೊಂಡು ಬಂದೆ ಅಂತ ಗೊತ್ತಾದರೆ ನಮ್ಮಪ್ಪ ನನ್ನನ್ನು ಹೊಸ್ತಿಲು ದಾಟಿಸುವುದಿಲ್ಲ,” ಎಂದ ಸುಧೀಷ್. “ಇವರು ನಮಗೆ ಹಸುವನ್ನು ನ್ಯಾಯವಾದ ಬೆಲೆಗೆ ಕೊಟ್ಟಿದ್ದಾರೆ.”

“ಆ ಊರಲ್ಲಿ ಫೋನಿನಲ್ಲಿ ನೋಡಿದರೆ ಏನು ಕಷ್ಟ?” ಎಂದು ವೀಣಾ ಕೇಳಿದಳು.

ಬಸವಯ್ಯ ಫೋನಿನ ಮೇಲೆ ಬಗ್ಗಿ, ಕಂಪನಿಯ ಕಿವಿಯಲ್ಲೇ ಹೇಳುವವನಂತೆ ಜೋರಾಗಿ ಹೇಳಿದ. ಬದುವಿನ ಸಿಗ್ನಲ್ಲು ಹೇಳಿದ, ಅಕ್ಕನ ಮಂಡಿ ಹೇಳಿದ, ಪುಲ್ಪಳ್ಳಿಯ ವಾಂತಿಯನ್ನೂ ಬಿಡದೆ ಹೇಳಿದ. ಕೊನೆಗೆ, ಚೆಂಡು ಕಾಲಿಗೆ ಬಂದಾಗ ಟೀವಿ ನೀಲಿಯಾದದ್ದು, ನಿಂಬೆಹಣ್ಣು ಉರುಳಿದ್ದು.

ಫೋನಿನೊಳಗೆ ಕಿಸಕ್ಕೆಂದು ನಗು. “ಹೋದ ವರ್ಷ ಆ ಕೇಬಲಿನವನಿಗೆ ಫೋನು ಮಾಡಿ ನಿಲ್ಲಿಸಿದ್ದು ನಾನೇ,” ಎಂದಳು ವೀಣಾ. ದನಿಯ ಅವಸರ ಇಳಿದಿತ್ತು. “ಅಜ್ಜಿಗೆ ನನ್ನ ಹೆಸರು ಹೇಳಬೇಡಿ. ಸುಧೀಷ್, ಬರೆದುಕೊಡು. ಚೇಕಾಡಿ ಮಾತ್ರ. ನಮ್ಮ ಗುರುತು ಮೂಲೆಯಲ್ಲಿ ಇರಲೇಬೇಕು.”

ಸುಧೀಷ್ ಹಾಳೆಯ ಅಂಚಿನಲ್ಲಿ ಕೈಬರಹದಲ್ಲೇ ಬರೆದ. ಈ ಲೀಗು ನಡೆಯುವಷ್ಟು ಕಾಲ ಚೇಕಾಡಿಯ ಕೇಬಲಿನಲ್ಲಿ ಆಟ ತೋರಿಸುವುದನ್ನು ಕಂಪನಿ ತಡೆಯತಕ್ಕದ್ದಲ್ಲ. ಮಾಷು ಸಹಿ ಹಾಕಿದರು. ಹೋಗುವಾಗ ಸುಧೀಷ್ ಹಗ್ಗವನ್ನು ತಾನೇ ಮಡಚಿ ಬಸವಯ್ಯನ ಕೈಗಿತ್ತ. “ದಲ್ಲಾಳಿ ದುಡ್ಡು ಬೇಡವೆಂದರೆ ಊಟವಾದರೂ ಮಾಡಿ ಹೋಗು,” ಎಂದು ಮಾಷು ಒಳಗೆ ಕರೆದರು. ಒಳಗೆ ಬಿರಿಯಾನಿ ಇತ್ತು. ಹೇಳಿದ ಮಾತು ಕೇಳುವ ಜಾತಿಯವರಲ್ಲ ಮಾಷು.

ಮೊದಲ ಆಟ ಒಂದು ತಿಂಗಳ ಮೇಲೆ, ಭಾನುವಾರ ಸಂಜೆ ನಾಲ್ಕಕ್ಕೆ, ವಯನಾಡಿಗೂ ಮಣಿಪುರಕ್ಕೂ. ಮಾಷು ಬಸವಯ್ಯನಿಗೆ ಕಲ್ಪೆಟ್ಟದ ಮೈದಾನದಲ್ಲಿ ಮುಂದಿನ ಸಾಲಿನ ಕುರ್ಚಿ ಕಾದಿರಿಸಿದ್ದರು. ಬಸವಯ್ಯ ಹೋಗಲಿಲ್ಲ, ಅಂಜನಳ ಅಮ್ಮ ಹೇಮಾಳನ್ನು ಕಳಿಸಿದ. ಗೋಪಾಲನ್ ಬೆಳಿಗ್ಗೆಯಿಂದ ಮರ ಹತ್ತಿ ಇಳಿದು ತಂತಿ ಸರಿಮಾಡಿದ್ದ. ಹಿಂದಿನ ದಿನ ಆನೆಯೊಂದು ಅದರ ಮೇಲೆ ಮೈ ಉಜ್ಜಿಕೊಂಡಿತ್ತು. ಒಪ್ಪಂದದ ನಕಲನ್ನು ಅವನು ಲ್ಯಾಮಿನೇಟ್ ಮಾಡಿಸಿ ಜೇಬಿನಲ್ಲಿಟ್ಟುಕೊಂಡಿದ್ದ. ಯಾರೂ ಕೇಳದಿದ್ದರೂ ಎಲ್ಲರಿಗೂ ತೋರಿಸುತ್ತಿದ್ದ.

ಬಸವಯ್ಯನ ಜಗಲಿ ತುಂಬಿ ಅಂಗಳದಲ್ಲೂ ಜನ. ಸಣ್ಣಮ್ಮ ಮುಖ ತೊಳೆದು, ವಿಭೂತಿ ಇಟ್ಟು, ಮುಂದಿನ ಕುರ್ಚಿಯಲ್ಲಿ ಕೂ‌ತಿದ್ದಳು. ಪಕ್ಕದಲ್ಲಿ ಬಸವಯ್ಯ, ತೊಡೆಯ ಮೇಲೆ ಟವೆಲ್ಲು. ಟೀವಿಯ ಮೂಲೆಯಲ್ಲಿ ಕಂಪನಿಯ ಗುರುತು ಮಿನುಗುತ್ತಿತ್ತು. “ಅದೇನದು, ಹುಳ ಕೂತಂಗೆ?” ಎಂದಳು ಸಣ್ಣಮ್ಮ. “ಅದಿರ್ಬೇಕು ಅಕ್ಕಯ್ಯ, ಅದು ಇದ್ರೇನೆ ಕಳಿ,” ಎಂದ ಬಸವಯ್ಯ.

ಅಂಜನ ಅವತ್ತು ಮೊದಲರ್ಧದಲ್ಲಿ ಎರಡು ಸಲ ಎಡವಿದಳು, ಒಮ್ಮೆ ಚೆಂಡನ್ನು ಮೈದಾನದ ಆಚೆಗೇ ಹೊಡೆದಳು. “ಬೆಳಿಗ್ಗೆ ಏನೂ ತಿನ್ದೆ ಹೋಗವ್ಳೆ, ಬಡ್ಡೆತ್ತದ್ದು,” ಎಂದು ಸಣ್ಣಮ್ಮ ಗೊಣಗಿದಳು. ಆಟ ಮುಗಿಯಲು ಸ್ವಲ್ಪವೇ ಹೊತ್ತಿದ್ದಾಗ ಚೆಂಡು ಅವಳ ಕಾಲಿಗೆ ಬಂತು. ಎಡಗಡೆಯಿಂದ ಓಡಿದಳು. ಒಬ್ಬಳನ್ನು ದಾಟಿದಳು. ಇನ್ನೊಬ್ಬಳನ್ನು ದಾಟಿದಳು. ಎದುರಿಗೆ ಗೋಲಿನವಳೊಬ್ಬಳೇ.

ಜಗಲಿಯಲ್ಲಿ ಎಲ್ಲರೂ ನೋಡುತ್ತಿದ್ದದ್ದು ಚೆಂಡನ್ನಲ್ಲ, ಟೀವಿ ನೀಲಿಯಾಗುತ್ತದೋ ಎಂದು. ಗೋಪಾಲನ್ ಜೇಬಿನ ಒಪ್ಪಂದವನ್ನು ಒತ್ತಿ ಹಿಡಿದುಕೊಂಡಿದ್ದ.

ನೀಲಿಯಾಗಲಿಲ್ಲ. ಅಂಜನ ಹೊಡೆದದ್ದು ಕಂಬಕ್ಕೆ ಬಡಿದು ವಾಪಸ್ಸು ಬಂತು, ಅವಳ ಮಂಡಿಗೇ ತಗುಲಿ, ಏನಾಯಿತೆಂದು ಅವಳಿಗೇ ತಿಳಿಯುವ ಮೊದಲು ಉರುಳಿಕೊಂಡು ಒಳಗೆ ಹೋಯಿತು. ಚೆಂದದ ಗೋಲೇನಲ್ಲ. ನಿಂಬೆಹಣ್ಣಿನದೇ ಇದಕ್ಕಿಂತ ಚೆನ್ನಾಗಿತ್ತು. ಅಂಗಳದಲ್ಲಿ ಕೂಗು ಎದ್ದು, ಗದ್ದೆಯ ಕೊಕ್ಕರೆಗಳೆಲ್ಲ ಹಾರಿದವು. ಟೀವಿಯಲ್ಲಿ ಅಂಜನ ಕ್ಯಾಮೆರಾದ ಹತ್ತಿರ ಬಂದು, ಬೆವರು ಒರೆಸಿಕೊಂಡು, ಎರಡೂ ಕೈ ಸೇರಿಸಿ ದುಂಡಗೆ ಮಾಡಿ ತೋರಿಸಿದಳು, ನಿಂಬೆಹಣ್ಣಿನಷ್ಟು.

ಸಣ್ಣಮ್ಮ ಕೂಗಲಿಲ್ಲ, ಚಪ್ಪಾಳೆ ತಟ್ಟಲಿಲ್ಲ. ಅವಳ ಕಣ್ಣು ಟೀವಿಯ ಮೇಲೇ ಇತ್ತು. ಕೈ ಮಾತ್ರ ಮೆಲ್ಲಗೆ ಈ ಕಡೆ ಸರಿದು, ತಮ್ಮನ ತೊಡೆಯ ಮೇಲಿದ್ದ ಟವೆಲ್ಲಿನ ಕೆಳಗೆ ಹೊಕ್ಕಿತು.

ಬಸವಯ್ಯ ಬೆಚ್ಚಿದ. ಅಪ್ಪ ಬೆರಳ ಲೆಕ್ಕ ಹೇಳಿಕೊಡುವಾಗ ಅಕ್ಕ ಒಲೆಯ ಮುಂದೆ ಮುದ್ದೆ ತಿರುವುತ್ತಿರುತ್ತಿದ್ದಳು. ಹೆಣ್ಣುಮಗಳಿಗೆ ದನದ ವ್ಯಾಪಾರ ಯಾಕೆಂದು ಯಾರೂ ಅವಳನ್ನು ಕರೆದು ಕಲಿಸಿರಲಿಲ್ಲ. ಅವಳ ಕೈ ಅವನ ಕೈಯನ್ನು ಹುಡುಕಿಕೊಂಡಿತು. ಕಿರುಬೆರಳಿನಿಂದ ಶುರುಮಾಡಿ ಒಂದೊಂದಾಗಿ ಐದೂ ಬೆರಳು ಮಡಿಸಿತು, ಮುಷ್ಟಿ ಕಟ್ಟಿಸಿತು, ಮೇಲಿಂದ ತಾನು ಮುಚ್ಚಿ ಬಿಗಿಯಾಗಿ ಹಿಡಿಯಿತು. ನಲವತ್ತು ವರ್ಷದಲ್ಲಿ ಯಾರೂ ಕೊಡದ ಪೂರ್ತಿ ಕೈ.

“ಈ ವರ್ಷ ಮಳೆ ಪರ್ವಾಗಿಲ್ಲ ಕಣ್ ಬಸ್ವಾ,” ಎಂದಳು ಸಣ್ಣಮ್ಮ, ಟೀವಿ ನೋಡುತ್ತಲೇ.

“ಹೂಂ ಅಕ್ಕಯ್ಯ. ಮೆಣಸಿಗೆ ಮಾತ್ರ ರೋಗ,” ಎಂದ ಬಸವಯ್ಯ. ಇನ್ನೊಂದು ಕೈಯಲ್ಲಿ ಟವೆಲ್ಲಿನ ಅಂಚೆತ್ತಿ ಕಣ್ಣೊರೆಸಿಕೊಂಡ.